ಬೋರರ್ ಹಿಡಿದ ಗಿಡ ಸೌದೆಗೆ ಆದೀತೆ?

ಪ್ರಶ್ನೆ: ನಮ್ಮದು ಅರೇಬಿಕಾ ತೋಟ. ಬೋರರ್ ಹಿಡಿದ ಗಿಡಗಳನ್ನೆಲ್ಲ ಕೀಳಿಸಿ, ಬಚ್ಚಲೊಲೆಗೆ ಆಗುತ್ತದೆಂದು ಕೊಟ್ಟಿಗೆ ಪಕ್ಕ ಪೇರಿಸಿದ್ದೇವೆ. ರೋಗದ ಗಿಡ ಮನೆಯಲ್ಲಿ ಉರಿಸಬಾರದು ಎನ್ನುತ್ತಾರೆ ನಮ್ಮತ್ತೆ. ಹೌದೇ?
– ಓದುಗರು, ಮೂಡಿಗೆರೆ

ಉತ್ತರ: ಉರಿಸಲು ಅಡ್ಡಿಯಿಲ್ಲ. ಕಾಫಿ ಕಟ್ಟಿಗೆ ಗಟ್ಟಿ, ಕೆಂಡ ಚೆನ್ನಾಗಿ ನಿಲ್ಲುತ್ತದೆ; ಬಿಳಿ ಕಾಂಡಕೊರಕ ಮನುಷ್ಯರಿಗೆ ಏನೂ ಮಾಡದು. ನನಗೆ ಚಿಂತೆ ಆ ರಾಶಿಯದ್ದು. ಗಿಡ ಕಿತ್ತ ಮಾತ್ರಕ್ಕೆ ಒಳಗಿನ ಹುಳ ಸಾಯುವುದಿಲ್ಲ. ಒಂದು ತುಂಡು ಸೀಳಿ ನೋಡಿ. ಅಂಕುಡೊಂಕಾದ ಕೊರೆತ, ಅದರ ತುಂಬ ಒತ್ತಾಗಿ ಕೂತ ಮರದ ಹಿಟ್ಟು, ಕೊನೆಯಲ್ಲಿ ತಲೆಭಾಗ ಅಗಲವಾಗಿ ಬಾಲದತ್ತ ಸಪೂರವಾದ ಬಿಳಿ ಹುಳ. ಅದು ನಿಮ್ಮ ಕೊಟ್ಟಿಗೆ ಪಕ್ಕದಲ್ಲೇ ದುಂಬಿಯಾಗಿ, ತೂತು ಕೊರೆದು ಹೊರಬಂದು, ಉಳಿದ ಗಿಡಗಳ ತೊಗಟೆ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ದುಂಬಿ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದಕ್ಕೆ ಮೊದಲೇ ಸುಟ್ಟು ಮುಗಿಸಿ. ಅಷ್ಟು ಬೇಗ ಮುಗಿಯದಿದ್ದರೆ ಕೆರೆಯಲ್ಲೋ ತೊಟ್ಟಿಯಲ್ಲೋ 7ರಿಂದ 10 ದಿನ ಮುಳುಗಿಸಿಡಿ, ತೇಲದಂತೆ ಮೇಲೆ ಕಲ್ಲು ಹೇರಿ. ಆಮೇಲೆ ಒಣಗಿಸಿ ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದು.

ಬೇಡವೆಂದು ಲೈನ್ ಮನೆಯವರಿಗೆ ಕೊಡುವವರೂ ಇದ್ದಾರೆ. ಲೈನ್ ಇರುವುದು ತೋಟದೊಳಗೇ ಅಲ್ಲವೇ! ಇನ್ನೊಂದು, ಕೊರೆತ ಬೇರಿಗೂ ಇಳಿದಿರುತ್ತದೆ; ಬುಡ ಉಳಿಸಿ ಕಡಿದಿದ್ದರೆ ಅದನ್ನೂ ಕೀಳಿಸಿ.

ಪ್ರಶ್ನೆ: ಗಾಳಿಮಳೆಗೆ ಹಿತ್ತಿಲ ದೊಡ್ಡ ಹಲಸು ಬೇರುಸಮೇತ ಉರುಳಿದೆ. ನಮ್ಮದೇ ಜಾಗ. ಕಡಿಯಲು ಕೇಳಬೇಕೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಫೋಟೊ ತೆಗೆದು, ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟೇ ಕಡಿಯಿರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸತ್ತ, ರೋಗ ಹಿಡಿದ, ಗಾಳಿಗೆ ಬಿದ್ದ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ. ಸಿಲ್ವರ್, ನೀಲಗಿರಿ, ತೆಂಗಿಗಾದರೆ ಈ ಅನುಮತಿಯೇ ಬೇಡ. ಬಿದ್ದದ್ದು ಬೀಟೆ, ತೇಗ, ಗಂಧವಾಗಿದ್ದರೆ ಒಂದು ಕೊಂಬೆಯನ್ನೂ ಮುಟ್ಟಬೇಡಿ ಎನ್ನುತ್ತಿದ್ದೆ.

ಕಡಿಯುವಾಗ ಒಂದು ಎಚ್ಚರಿಕೆ. ಮಣ್ಣು ಹಿಡಿದ ಬೇರಿನ ಗಡ್ಡೆ ಈಗ ಗೋಡೆಯ ಹಾಗೆ ಎದ್ದು ನಿಂತಿರುತ್ತದೆ. ಕಾಂಡ ತುಂಡಾಗಿ ಭಾರ ಇಳಿದೊಡನೆ ಅದು ಧಡಕ್ಕನೆ ಹಿಂದಕ್ಕೆ ಮಗುಚಿ ಗುಂಡಿಯಲ್ಲಿ ಕೂರಬಹುದು. ಗುಂಡಿಯ ಬಳಿ ಮಕ್ಕಳು, ನಾಯಿ ಯಾರೂ ಸುಳಿಯಬಾರದು. ಬಾಗಿ ಬಿಗಿದ ಕೊಂಬೆಗಳೂ ಗರಗಸ ತಾಗಿದ ಕ್ಷಣ ಸಿಡಿಯುತ್ತವೆ, ಅಭ್ಯಾಸವಿದ್ದವರನ್ನೇ ಕರೆಸಿ. ಬೊಡ್ಡೆಯ ಹಳದಿ ಚೇಗನ್ನು ಮಾತ್ರ ಒಲೆಗೆ ಹಾಕಬೇಡಿ, ಮೊದಲು ಆಚಾರಿಗೆ ತೋರಿಸಿ. ಸೌದೆಗೆ ಕೊಂಬೆಗಳೇ ಸಾಕಷ್ಟಾಗುತ್ತವೆ.

ಪ್ರಶ್ನೆ: ಬಿದ್ದ ಮರದ ಸೌದೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಏನು ಮಾಡಲಿ?
– ಓದುಗರು, ಸಿದ್ದಾಪುರ

ಉತ್ತರ: ಹಸಿ ಇದೆ, ಅಷ್ಟೇ. ದಿಮ್ಮಿಯಾಗಿ ಬಿಡದೆ ಸೀಳಿ, ನೆಲ ತಾಗದಂತೆ ಒಟ್ಟಿ. ಮೇಲೆ ಮಾತ್ರ ಮುಚ್ಚಿ, ಬದಿಗಳಲ್ಲಿ ಗಾಳಿಯಾಡಲಿ. ಎರಡು ತುಂಡು ಬಡಿದಾಗ ಠಣ್ ಎಂದರೆ ಒಣಗಿದೆ. ಬಿದ್ದದ್ದು ಚೇರೆ ಮರವಾದರೆ ಒಣಗಿಸುವ ಶ್ರಮವೇ ಬೇಡ. ಅದರ ಸೊನೆಗೆ ಮೈಯೆಲ್ಲ ಬೊಬ್ಬೆ ಏಳುತ್ತದೆ, ಹೊಗೆಯೂ ಆಗಿಬರುವುದಿಲ್ಲ. ಇದ್ದಲ್ಲೇ ಕೊಳೆಯಲಿ ಬಿಡಿ.