ಪ್ರಸಾದಿಯ ಅವಧಾನವೂ ಧೂಮಪಾನತ್ಯಾಗದ ಮೊದಲ ದಿನಗಳೂ

ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂಬ ಆರು ಭಕ್ತಿಗಳನ್ನು ಹಿರಿಯರು ಕ್ರಮವಾಗಿ ಹೇಳಿರುವರೆಂಬುದು ವಾಚಕರಿಗೆ ಹೊಸ ಮಾತಲ್ಲ. ಇವುಗಳಲ್ಲಿ ಮಹೇಶನ ನಿಷ್ಠೆಯ ವಿಷಯವಾಗಿ ನಾವು ಪ್ರವಚನಗಳಲ್ಲಿ ಬಹಳವಾಗಿ ಕೇಳಿರುತ್ತೇವೆ. ಹಿಡಿದ ವ್ರತವನ್ನು ಪ್ರಾಣ ಹೋದರೂ ಬಿಡೆನೆಂಬ ಛಲದ ಕಥೆಗಳು ಕೇಳುವವರ ಮೈ ನವಿರೇಳಿಸುತ್ತವೆ. ಪ್ರಸಾದಿಯ ಅವಧಾನವಾದರೋ ಸದ್ದಿಲ್ಲದ ಗುಣ. ಒಳಗೆ ಬರುವ ಪ್ರತಿಯೊಂದು ಪದಾರ್ಥವನ್ನೂ ಬಾಗಿಲಲ್ಲಿ ನಿಲ್ಲಿಸಿ, ನೋಡಿ, ಲಿಂಗಕ್ಕೆ ತೋರಿಸಿ, ಅನಂತರ ಪ್ರಸಾದವಾಗಿ ಕೊಳ್ಳುವ ಎಚ್ಚರವೇ ಅದು. ಇದರ ಕಥೆಯನ್ನು ಹೇಳುವವರು ಕಡಿಮೆ. ಆದರೆ ಸಂಸಾರಿಯಾದ ಭಕ್ತನು ಒಂದು ದುಶ್ಚಟವನ್ನು ಬಿಡಹೊರಟಾಗ ಅವನನ್ನು ಕಾಯುವುದು ಹೆಚ್ಚಾಗಿ ಈ ಎರಡನೆಯ ಗುಣವೇ ಎಂಬುದನ್ನು ತೋರಿಸುವುದು ಈ ಪಾಠದ ಉದ್ದೇಶ.

ಶಿವರಾತ್ರಿಯಂದೋ ಬಸವ ಜಯಂತಿಯಂದೋ ಗುರುಸನ್ನಿಧಿಯಲ್ಲಿ ಕೈಮುಗಿದು, ಇಂದಿನಿಂದ ಬೀಡಿ ಸಿಗರೇಟು ಮುಟ್ಟೆನೆಂದು ಮಾತು ಕೊಡುವ ಸದ್ಭಕ್ತರು ಪ್ರತಿವರ್ಷವೂ ಇರುತ್ತಾರೆ. ಅವರ ಮಾತು ಸುಳ್ಳಲ್ಲ. ಕೊಡುವಾಗ ಕಣ್ಣಲ್ಲಿ ನೀರಿರುತ್ತದೆ. ಆದರೂ ಅವರಲ್ಲಿ ಅನೇಕರು ಮೂರನೆಯ ದಿನವೋ ನಾಲ್ಕನೆಯ ದಿನವೋ ಗೂಡಂಗಡಿಯ ಮುಂದೆ ನಿಂತಿರುತ್ತಾರೆ. ಅನಂತರ ನಾಚಿಕೆಯಿಂದ ಮಠದ ಕಡೆಗೆ ಬರುವುದನ್ನೇ ನಿಲ್ಲಿಸುತ್ತಾರೆ. ಒಂದು ಬೀಡಿಯಿಂದಾದ ಹಾನಿಗಿಂತ ಈ ನಾಚಿಕೆಯ ಹಾನಿ ದೊಡ್ಡದೆಂದು ನನ್ನ ಅಭಿಪ್ರಾಯ. ನಿಷ್ಠೆಯಿಲ್ಲದವನೆಂದು ಜನರು ಅವನನ್ನು ಹಳಿಯುತ್ತಾರೆ, ಅವನೂ ಹಾಗೆಯೇ ನಂಬುತ್ತಾನೆ. ಅವನಿಗೆ ಕಡಿಮೆಯಾದದ್ದು ನಿಷ್ಠೆಯಲ್ಲ, ಅವಧಾನ.

ಕೆಲವರು ವಾದಿಸುವುದುಂಟು: ಮದ್ಯಮಾಂಸಗಳನ್ನು ಶರಣರು ನಿಷೇಧಿಸಿದರು, ಹೊಗೆಯನ್ನು ಎಲ್ಲಿ ನಿಷೇಧಿಸಿದ್ದಾರೆ ಎಂದು. ಉತ್ತರವು ಸುಲಭ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೊಗೆಸೊಪ್ಪೇ ಇರಲಿಲ್ಲ. ಅಮೆರಿಕಾ ಖಂಡದ ಈ ಗಿಡವು ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ದೇಶಕ್ಕೆ ಬಂದಿತು. ಅಕ್ಬರನ ರಾಯಭಾರಿಯಾಗಿ ಆದಿಲಶಾಹಿಯ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ಇದನ್ನು ಕಂಡು ವಿಸ್ಮಿತನಾಗಿ, 1604ರ ಸುಮಾರಿನಲ್ಲಿ ಸೇದುವ ನಳಿಗೆಯೊಡನೆ ಮೊಗಲ ದರ್ಬಾರಿಗೆ ಕೊಂಡೊಯ್ದನು. ನಮ್ಮ ಬಸವಣ್ಣನವರು ಹುಟ್ಟಿದ ಸೀಮೆಯೇ ಹೊಗೆಯನ್ನು ಉತ್ತರಕ್ಕೆ ಕಳುಹಿಸಿದಂತಾಯಿತು! ಇಂದಿಗೂ ನಿಪ್ಪಾಣಿಯ ಕಡೆ ಅದನ್ನು ಬೆಳೆಯುವ ರೈತರಲ್ಲಿ ನಮ್ಮವರು ಇಲ್ಲದಿಲ್ಲ. ಅದು ಕಾಯಕಶುದ್ಧಿಯ ಪ್ರಶ್ನೆ, ಪ್ರತ್ಯೇಕವಾಗಿ ಬರೆಯತಕ್ಕದ್ದು.

ವಸ್ತುವಿನ ಹೆಸರು ವಚನಗಳಲ್ಲಿ ಇಲ್ಲದಿದ್ದರೇನು? ಅಳೆಯುವ ಕೋಲು ಅಲ್ಲಿ ಇದ್ದೇ ಇದೆ. ಅರ್ಪಿಸಲಾಗದುದನ್ನು ಕೊಳ್ಳಲಾಗದು. ನಮ್ಮ ಶಾಸ್ತ್ರವು ಮೂಗಿನಲ್ಲಿ ಆಚಾರಲಿಂಗವನ್ನೂ, ನಾಲಗೆಯಲ್ಲಿ ಗುರುಲಿಂಗವನ್ನೂ, ಕಣ್ಣಿನಲ್ಲಿ ಶಿವಲಿಂಗವನ್ನೂ, ತ್ವಕ್ಕಿನಲ್ಲಿ ಜಂಗಮಲಿಂಗವನ್ನೂ, ಕಿವಿಯಲ್ಲಿ ಪ್ರಸಾದಲಿಂಗವನ್ನೂ, ಹೃದಯದಲ್ಲಿ ಮಹಾಲಿಂಗವನ್ನೂ ನೆಲೆಗೊಳಿಸಿದೆ. ಮೂಗಿನ ಗಂಧವು ಆಚಾರಲಿಂಗಕ್ಕೆ, ನಾಲಗೆಯ ರುಚಿಯು ಗುರುಲಿಂಗಕ್ಕೆ, ಹೃದಯದ ತೃಪ್ತಿಯು ಮಹಾಲಿಂಗಕ್ಕೆ ಸಲ್ಲಬೇಕು. ಅಂಗೈಯ ಇಷ್ಟಲಿಂಗಕ್ಕೆ ಬೀಡಿಯ ಹೊಗೆಯನ್ನು ತೋರಿಸಬಲ್ಲ ಭಕ್ತನನ್ನು ನಾನು ಕಂಡಿಲ್ಲ. ನಾನೇ ಹದಿನೆಂಟು ವರ್ಷ ಬೀಡಿ ಸೇದಿದವನು. ಸೇದುವಾಗ ಎದೆಯ ಮೇಲಿನ ಕರಡಿಗೆಯನ್ನು ಬೆನ್ನ ಕಡೆಗೆ ಸರಿಸಿಕೊಳ್ಳುತ್ತಿದ್ದೆನು. ಯಾರೂ ಕಲಿಸದೆಯೇ ಕೈ ಆ ಕೆಲಸವನ್ನು ಮಾಡುತ್ತಿತ್ತು.

ತೃಪ್ತಿಯೆಂಬ ಮಾತಿನ ಮೇಲೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಬೀಡಿಯಿಂದ ಮನಸ್ಸಿಗೆ ನೆಮ್ಮದಿಯಾಗುವುದೆಂದು ಸೇದುವವರೆಲ್ಲರೂ ಹೇಳುತ್ತಾರೆ. ವೈದ್ಯಶಾಸ್ತ್ರವು ಇದನ್ನು ಬೇರೆ ರೀತಿಯಾಗಿ ವಿವರಿಸುತ್ತದೆ. ಹೊಗೆಯಲ್ಲಿರುವ ನಿಕೋಟಿನ್ ಎಂಬ ದ್ರವ್ಯವು ಎಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆಲ್ಲ ಚಡಪಡಿಕೆಯು ಏರುತ್ತದೆ. ಮುಂದಿನ ಬೀಡಿಯು ಆ ಚಡಪಡಿಕೆಯನ್ನು ಇಳಿಸುತ್ತದೆ. ಅಂದಮೇಲೆ ಹಿಂದಿನ ಬೀಡಿ ತೋಡಿದ ಗುಂಡಿಯನ್ನು ಮುಂದಿನ ಬೀಡಿ ಮುಚ್ಚುವುದನ್ನೇ ನಾವು ನೆಮ್ಮದಿಯೆಂದು ಕರೆಯುತ್ತಿದ್ದೇವೆ. ಮಹಾಲಿಂಗಕ್ಕೆ ಸಲ್ಲಿಸಲು ಇದರಲ್ಲಿ ಏನೂ ಉಳಿಯುವುದಿಲ್ಲ. ಎಲೆಯಲ್ಲಿ ಸುತ್ತಿದ ಬೀಡಿಯು ಸಿಗರೇಟಿಗಿಂತ ಸೌಮ್ಯವೆಂಬ ನಂಬಿಕೆಯೂ ತಪ್ಪು. ಅದು ಬೇಗ ಆರುವುದರಿಂದ ಮೇಲಿಂದ ಮೇಲೆ ಜೋರಾಗಿ ಎಳೆಯಬೇಕಾಗುತ್ತದೆ, ವಿಷವೂ ಅಷ್ಟೇ ಆಳಕ್ಕೆ ಇಳಿಯುತ್ತದೆ.

ಬಿಟ್ಟ ಮೇಲೆ ಏನಾಗುವುದೆಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಕೆಲವು ಗಂಟೆಗಳಲ್ಲಿಯೇ ಬಯಕೆ ಏಳುತ್ತದೆ. ಎರಡನೆಯ ಮೂರನೆಯ ದಿನಗಳಲ್ಲಿ ಅದು ತುತ್ತತುದಿಗೆ ಏರುತ್ತದೆ. ಸಿಟ್ಟು, ನಿದ್ರೆಗೇಡು, ಮನಸ್ಸು ಒಂದೆಡೆ ನಿಲ್ಲದಿರುವುದು, ಹಸಿವಿನ ಹೆಚ್ಚಳ, ಮಲಬದ್ಧತೆ, ಕೆಲವರಿಗೆ ಕೆಮ್ಮು ಕೂಡ ಹೆಚ್ಚುವುದು ಇವೆಲ್ಲ ಬರುತ್ತವೆ, ಎರಡು ವಾರದಿಂದ ನಾಲ್ಕು ವಾರಗಳೊಳಗೆ ಬಹುಮಟ್ಟಿಗೆ ಅಡಗುತ್ತವೆ. ಹೊಗೆಯೊಡನೆ ರಕ್ತವನ್ನು ಸೇರಿದ್ದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಒಂದೆರಡು ದಿನಗಳಲ್ಲಿಯೇ ಹೊರಟುಹೋಗಿರುತ್ತದೆ. ಒಂದು ವರ್ಷ ದಾಟಿದವನಿಗೆ ಧೂಮಪಾನದಿಂದ ಹೆಚ್ಚಿದ್ದ ಹೃದಯರೋಗದ ಅಪಾಯವು ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಆದರೆ ಮೂರನೆಯ ದಿನ ಈ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ.

ನನಗೂ ಆಗಲಿಲ್ಲ. ನಾನು ಬಿಟ್ಟ ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆನು. ಪೂಜೆ ಮುಗಿದಿತ್ತು, ನೈವೇದ್ಯವಾಗಿತ್ತು. ಪಲ್ಯಕ್ಕೆ ಉಪ್ಪು ಸಾಲದೆಂಬ ನೆಪದಿಂದ ತಟ್ಟೆಯನ್ನು ನೂಕಿಬಿಟ್ಟೆನು. ರೊಟ್ಟಿಯೂ ನುಚ್ಚೂ ನೆಲದ ಮೇಲೆ ಚೆಲ್ಲಿದವು. ಲಿಂಗಕ್ಕೆ ಅರ್ಪಿತವಾದ ಅನ್ನವದು. ಉಂಡ ತಟ್ಟೆಯನ್ನು ತೊಳೆದ ನೀರನ್ನೂ ಚೆಲ್ಲದೆ ಕುಡಿಯುವ ಮನೆತನ ನಮ್ಮದು. ಮನೆಯಾಕೆ ಒಂದು ಮಾತನ್ನೂ ಆಡದೆ ನೆಲದ ಮೇಲೆ ಕುಳಿತು ನುಚ್ಚನ್ನು ಅಗುಳು ಅಗುಳಾಗಿ ಆರಿಸತೊಡಗಿದಳು. ಎಲ್ಲವನ್ನೂ ಎತ್ತಿಕೊಂಡಾದ ಮೇಲೆ, "ನೀವು ಬಿಟ್ಟಿದ್ದು ಬೀಡಿ. ರೊಟ್ಟಿ ಏನು ಮಾಡಿತ್ರೀ?" ಎಂದು ಕೇಳಿದಳು.

ಆ ಪ್ರಶ್ನೆಗೆ ಉತ್ತರವನ್ನು ಹುಡುಕುವಾಗಲೇ ಅವಧಾನವೆಂಬ ಮಾತಿನ ಅರ್ಥ ನನಗೆ ಹೊಳೆದದ್ದು. ನಾನು ಮೂರು ದಿನ ಬಯಕೆಯೊಡನೆ ಹಲ್ಲುಕಚ್ಚಿ ಕುಸ್ತಿ ಹಿಡಿದಿದ್ದೆನೇ ಹೊರತು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಬೀಡಿಯನ್ನು ಬಾಗಿಲಲ್ಲಿ ತಡೆದೆನು. ಸಿಟ್ಟು ಹಿತ್ತಿಲ ಬಾಗಿಲಿಂದ ಒಳಗೆ ಬಂದಿತ್ತು. ಬಂದುದು ಯಾವುದೇ ಆಗಲಿ, ಅದನ್ನು ಗುರುತಿಸುವುದು ಪ್ರಸಾದಿಯ ಮೊದಲ ಕೆಲಸ. ಇದು ಹಸಿವೋ, ಇದು ಆಯಾಸವೋ, ಇದು ಪಲ್ಯದ ಉಪ್ಪೋ, ಅಥವಾ ನಿಕೋಟಿನ್ ಇಳಿದ ಚಡಪಡಿಕೆಯೋ? ಹೆಸರಿಟ್ಟು ಕರೆದೊಡನೆ ಅದರ ಅರ್ಧ ಬಲ ಕುಂದುತ್ತದೆ.

ಬಯಕೆಯ ಒಂದೊಂದು ಅಲೆಯೂ ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು. ಎದ್ದಾಗ ಇದು ದಿನವೆಲ್ಲ ಹೀಗೆಯೇ ಇರುವುದೆಂದು ತೋರುತ್ತದೆ, ಅದೇ ಅದರ ಮೋಸ. ಅವಸರವಿಲ್ಲದೆ ಷಡಕ್ಷರಿಯನ್ನು ನೂರೆಂಟು ಬಾರಿ ಜಪಿಸಲು ಐದು ನಿಮಿಷಗಳಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಅಲೆಯು ಇಳಿದಿರುತ್ತದೆ. ಇದನ್ನು ಪವಾಡವೆಂದು ಯಾರೂ ತಿಳಿಯಬೇಕಾಗಿಲ್ಲ. ಉಸಿರು ನಿಧಾನವಾಗುತ್ತದೆ, ಕೈಗೆ ಜಪಮಾಲೆಯ ಕೆಲಸ ಸಿಗುತ್ತದೆ, ಹೊತ್ತು ಕಳೆಯುತ್ತದೆ. ಮನೆಯಲ್ಲಿದ್ದರೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ದೃಷ್ಟಿ ನೆಡುವುದು ಇನ್ನೂ ಒಳ್ಳೆಯದು. ಅಂಗಡಿಯಲ್ಲಿಯೋ ಬಸ್ಸಿನಲ್ಲಿಯೋ ಇದ್ದರೆ ಮನಸ್ಸಿನಲ್ಲಿಯೇ ಜಪಿಸಬಹುದು. ಬಯಕೆಯನ್ನು ಓಡಿಸಲು ಜಪಿಸಬೇಡಿರಿ, ಅದು ಬಂದು ಹೋಗುವುದನ್ನು ನೋಡುತ್ತಾ ಜಪಿಸಿರಿ. ಓಡಿಸಹೊರಟವನು ಅದು ಹೋಯಿತೇ ಹೋಯಿತೇ ಎಂದು ತಿರುತಿರುಗಿ ಕೇಳುತ್ತಾ ಅದನ್ನೇ ಕರೆದು ಕೂರಿಸುತ್ತಾನೆ.

ದಿನದಲ್ಲಿ ಬಯಕೆ ಏಳುವ ಹೊತ್ತುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಬೆಳಗಿನ ಕಾಫಿ, ಊಟವಾದ ಮರುಗಳಿಗೆ, ಬಸ್ಸು ಕಾಯುವ ಹೊತ್ತು, ಗೆಳೆಯರ ಹರಟೆ, ಸಾಲಗಾರನೊಡನೆ ಮಾತು ಹೀಗೆ ಏಳೆಂಟು ಹೊತ್ತುಗಳಿಗಿಂತ ಹೆಚ್ಚು ಸಿಗಲಾರವು. ಕಳ್ಳನು ಬರುವ ದಾರಿ ತಿಳಿದ ಮೇಲೆ ಅಲ್ಲಿ ಒಂದು ದೀಪವನ್ನಿಡುವುದು ಕಷ್ಟವಲ್ಲ.

ಕಾಫಿಯ ಮಾತು ಬಂದುದರಿಂದ ಒಂದು ವಿಷಯ. ಹೊಗೆಯಲ್ಲಿನ ದ್ರವ್ಯಗಳು ಕಾಫಿ ಟೀಗಳ ಸತ್ತ್ವವನ್ನು ಯಕೃತ್ತು ಬೇಗ ಕರಗಿಸುವಂತೆ ಮಾಡುತ್ತಿರುತ್ತವೆ. ಹೊಗೆ ನಿಂತ ಮೇಲೆ ಅದೇ ಎರಡು ಲೋಟ ಕಾಫಿ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಎದೆ ಡವಗುಟ್ಟುವುದೂ ನಿದ್ರೆ ಬಾರದಿರುವುದೂ ಬೀಡಿ ಬಿಟ್ಟುದರಿಂದಲೇ ಎಂದು ನಾವು ತಪ್ಪು ತಿಳಿಯುತ್ತೇವೆ. ಮೊದಲ ವಾರಗಳಲ್ಲಿ ಕಾಫಿಯನ್ನು ಅರ್ಧಕ್ಕೆ ಇಳಿಸಿರಿ. ಉಬ್ಬಸಕ್ಕೆ ಅಥವಾ ಮನೋರೋಗಕ್ಕೆ ನಿತ್ಯವೂ ಔಷಧಿ ತೆಗೆದುಕೊಳ್ಳುವವರು, ತಾವು ಬೀಡಿ ಬಿಡುತ್ತಿರುವುದನ್ನು ವೈದ್ಯರಿಗೆ ತಿಳಿಸಬೇಕು. ಕೆಲವು ಔಷಧಿಗಳ ಪ್ರಮಾಣವನ್ನು ಇದೇ ಕಾರಣದಿಂದ ಬದಲಿಸಬೇಕಾಗಬಹುದು. ನೀರು, ಮಜ್ಜಿಗೆ, ಸೊಪ್ಪು ಹೆಚ್ಚಾಗಲಿ.

ಬಾಯಿಗೆ ಏನಾದರೂ ಬೇಕೆನಿಸಿದರೆ ಲವಂಗವೋ ಏಲಕ್ಕಿಯೋ ಸೋಂಪೋ ಸಾಕು. ಬೀಡಿಯ ಬದಲಿಗೆ ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವುದಾಗಲಿ, ನಶ್ಯವಾಗಲಿ ತ್ಯಾಗವಲ್ಲ. ಮನೆ ಬದಲಿಸಿದ ಹಾಗೆ ಅಷ್ಟೆ. ಬಾಯಿಯ ಕ್ಯಾನ್ಸರು ನಮ್ಮ ನಾಡಿನಲ್ಲಿ ಇಷ್ಟೊಂದಾಗಿರುವುದು ಬಹುಮಟ್ಟಿಗೆ ಅಗಿಯುವ ಹೊಗೆಸೊಪ್ಪಿನಿಂದ. ಹೆಚ್ಚು ಸೇದುತ್ತಿದ್ದವರಿಗೆ ವೈದ್ಯರು ನಿಕೋಟಿನ್ ಗಮ್ಮನ್ನೋ ಮಾತ್ರೆಯನ್ನೋ ಕೊಡುವುದುಂಟು. ಅದನ್ನು ತೆಗೆದುಕೊಂಡರೆ ವ್ರತಕ್ಕೆ ಕುಂದೆಂದು ಸಂಕೋಚಪಡುವ ಭಕ್ತರಿದ್ದಾರೆ. ಮುರಿದ ಕಾಲಿನವನು ಊರುಗೋಲು ಹಿಡಿದು ಮಠಕ್ಕೆ ಬಂದರೆ ಯಾತ್ರೆಗೆ ಕುಂದೇ? ಸರಕಾರದ ತಂಬಾಕು ಮುಕ್ತಿ ಸಹಾಯವಾಣಿಯು 1800-11-2356 ಎಂಬ ಸಂಖ್ಯೆಯಲ್ಲಿ 2016ರಿಂದ ಉಚಿತವಾಗಿ ಸಲಹೆ ನೀಡುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ಚಿಕಿತ್ಸೆಯುಂಟು.

ಬಿಟ್ಟವನು ಮತ್ತೆ ಒಂದನ್ನು ಸೇದಿಬಿಟ್ಟರೆ? ಹೆಚ್ಚಿನವರು ಒಂದೇ ಪ್ರಯತ್ನದಲ್ಲಿ ಬಿಟ್ಟವರಲ್ಲ. ಹಲವು ಸಲ ಎಡವಿ ಬಿಟ್ಟವರು. ನಾನು ಏಳನೆಯ ತಿಂಗಳಲ್ಲಿ ಒಂದು ಮದುವೆಯ ಚಪ್ಪರದ ಹಿಂದೆ ನಿಂತು ಎರಡು ದಮ್ಮು ಎಳೆದೆನು. ಕೈ ಎಂದಿನಂತೆ ಕರಡಿಗೆಯ ಕಡೆಗೆ ಹೋಯಿತು. ಆದರೆ ಈ ಸಲ ಕೈ ಹೋದುದನ್ನು ನಾನು ಕಂಡೆನು, ಮಿಕ್ಕುದನ್ನು ನೆಲಕ್ಕೆ ಹಾಕಿ ತುಳಿದೆನು. ಆ ಸಂಜೆಯೇ ಮನೆಯಾಕೆಗೆ ಹೇಳಿದೆನು, ಮರುದಿನ ಬೆಳಿಗ್ಗೆ ಎಂದಿನಂತೆ ಪೂಜೆಗೆ ಕುಳಿತೆನು. ಮನೆಯವರು ಇಂಥ ಹೊತ್ತಿನಲ್ಲಿ ಹಳೆಯ ಲೆಕ್ಕವನ್ನು ತೆಗೆಯಬಾರದು. ಮೊದಲ ಮೂರು ವಾರ ಅವನ ಸಿಟ್ಟಿಗೆ ಉತ್ತರ ಕೊಡದೆ ಇರುವುದೂ ಒಂದು ದಾಸೋಹವೇ. ಆದರೆ ಆ ಸೈರಣೆಯನ್ನು ಅವನು ತನ್ನ ಹಕ್ಕೆಂದು ತಿಳಿಯಕೂಡದು. ಸಿಟ್ಟು ಬರುವ ಮುನ್ನವೇ, ಈ ದಿನಗಳಲ್ಲಿ ನನ್ನ ಮಾತು ಒರಟಾದೀತು ಎಂದು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೇಳಿಬಿಡಬೇಕು. ನಾನು ಹೇಳಿರಲಿಲ್ಲ.

ಊಟವಾದ ಮರುಗಳಿಗೆಯೇ ನನಗೆ ಎಲ್ಲಕ್ಕಿಂತ ಕಠಿಣವಾಗಿತ್ತು. ನುಚ್ಚು ಚೆಲ್ಲಿದ ಆ ದಿನದಿಂದ ಈಚೆಗೆ, ತಟ್ಟೆ ತೊಳೆದ ನೀರನ್ನು ಕುಡಿದ ಮೇಲೆ ತಟ್ಟೆಯನ್ನು ಅಲ್ಲಿಯೇ ಬಿಟ್ಟು ಏಳುವುದಿಲ್ಲ. ಹಿತ್ತಿಲಿಗೆ ಒಯ್ದು, ನನ್ನದನ್ನೂ ಅವಳದನ್ನೂ ಬೂದಿ ಹಾಕಿ ಬೆಳಗಿ, ಕವುಚಿ ಇಟ್ಟು ಬರುತ್ತೇನೆ. ಅದಕ್ಕೆ ಹಿಡಿಯುವ ಹೊತ್ತು ಸರಿಯಾಗಿ ಒಂದು ಬೀಡಿಯ ಹೊತ್ತು.