ಬಾಯಿಯ ಲಸಿಕೆ: ದಾದಿಮಾ ಕೇಳಿದ ಪ್ರಶ್ನೆ

ನಾನು ವಾಣಿಜ್ಯ ವಿಭಾಗದವಳು. ಲಸಿಕೆಯ ಬಗ್ಗೆ ವಿಜ್ಞಾನದವರು ಬರೆಯಲಿ ಎಂದು ನೀವು ಹೇಳಬಹುದು. ಆದರೆ ಈ ಪ್ರಶ್ನೆ ಹುಟ್ಟಿದ್ದು ಕನಮಡಿಯ ನಮ್ಮ ಮನೆಯಲ್ಲಿ. ಬಾಣಂತನಕ್ಕೆ ಬಂದಿದ್ದ ಆಪಾಳ ಕೂಸಿಗೆ ಆರನೇ ವಾರದಲ್ಲಿ ಪೋಲಿಯೊ ಹನಿ, ರೋಟಾ ಹನಿ ಎರಡನ್ನೂ ಹಾಕಿದರು. ಹತ್ತನೇ ವಾರದಲ್ಲಿ ಮತ್ತೆ ಹಾಕಿದರು. ಹದಿನಾಲ್ಕನೇ ವಾರಕ್ಕೂ ಬನ್ನಿ ಎಂದು ಆಶಾ ಕಾರ್ಯಕರ್ತೆ ಹೇಳಿ ಹೋದ ಮೇಲೆ ದಾದಿಮಾ, "ಇತ್ತೇ ಬಾರ್ ಕಾಯ್ಕು?" ಎಂದರು. ಇಷ್ಟು ಸಲ ಯಾಕೆ? ಒಂದು ಸಲಕ್ಕೆ ನಾಟದ ಔಷಧ ಔಷಧವೇ ಅಲ್ಲ ಎಂಬುದು ಅವರ ವಾದ. ಅಷ್ಟರಲ್ಲಿ ಆಪಾ, ದೂಲ್ಹಾಭಾಯಿಯ ಜೊತೆ ಕಬ್ಬಿನ ಹಂಗಾಮಿಗೆ ಸಾಂಗ್ಲಿ ಕಡೆ ಹೊರಡುವವಳಿದ್ದಳು. ಮೂರನೆಯದನ್ನು ಬಿಟ್ಟರೆ ಏನಾಯಿತು ಎಂಬ ಮಾತೂ ಬಂತು. ನನಗೆ ಉತ್ತರ ಗೊತ್ತಿರಲಿಲ್ಲ. ಜೀವಶಾಸ್ತ್ರದ ಮೇಡಂ ಅವರನ್ನು ಕೇಳಿ, ಓದಿ ತಿಳಿದದ್ದು ಇಷ್ಟು.

ಪೋಲಿಯೊ, ರೋಟಾ, ಕಾಲರಾ ಮೂರೂ ಬಾಯಿಯ ಮೂಲಕ ಬಂದು ಕರುಳಿನಲ್ಲಿ ಬೆಳೆಯುವ ರೋಗಗಳು. ಬಾಯಿಯ ಲಸಿಕೆಯೂ ಅದೇ ದಾರಿಯಲ್ಲಿ ಹೋಗಿ ಕರುಳಿನ ಒಳಪದರದಲ್ಲೇ ಕಾವಲು ನಿಲ್ಲಿಸುತ್ತದೆ. ಸೂಜಿ ಬೇಡ, ನೋವಿಲ್ಲ. ತರಬೇತಿ ಪಡೆದ ಸ್ವಯಂಸೇವಕರು ಬಸ್ ನಿಲ್ದಾಣದಲ್ಲೂ ಹಾಕಬಹುದು. 1995ರಲ್ಲಿ ದೇಶದಾದ್ಯಂತ ಪಲ್ಸ್ ಪೋಲಿಯೊ ನಡೆಸಲು ಸಾಧ್ಯವಾದದ್ದು ಇದರಿಂದಲೇ.

ತೊಂದರೆ ಇರುವುದೂ ಅದೇ ದಾರಿಯಲ್ಲಿ. ಹೊಟ್ಟೆಯ ಆಮ್ಲ, ತಾಯಿಯಿಂದ ಬಂದ ಪ್ರತಿಕಾಯಗಳು, ಅಪೌಷ್ಟಿಕತೆ, ಕರುಳಿನಲ್ಲಿ ಮೊದಲೇ ಸೇರಿಕೊಂಡ ಬೇರೆ ವೈರಸ್‌ಗಳು ಇವೆಲ್ಲ ಲಸಿಕೆಗೆ ಅಡ್ಡ ಬರುತ್ತವೆ. ಶ್ರೀಮಂತ ದೇಶಗಳ ಮಕ್ಕಳಿಗೆ ಮೂರು ಪೋಲಿಯೊ ಡೋಸ್ ಸಾಕಾಗುತ್ತಿದ್ದಾಗ ನಮ್ಮ ಮಕ್ಕಳಿಗೆ ಸಾಲುವುದಿಲ್ಲ ಎಂದು ವೆಲ್ಲೂರಿನ ಡಾ. ಟಿ. ಜೇಕಬ್ ಜಾನ್ 1970ರ ದಶಕದಲ್ಲೇ ತೋರಿಸಿದ್ದರು. ಅಂದರೆ ದಾದಿಮಾ ಕೇಳಿದ್ದು ಮೊಂಡು ಪ್ರಶ್ನೆಯಲ್ಲ, ವಿಜ್ಞಾನಿಗಳೂ ಕೇಳಿದ ಪ್ರಶ್ನೆ.

ಮೂರು ಬಗೆಯ ಪೋಲಿಯೊ ವೈರಸ್‌ಗಳನ್ನು ಒಂದೇ ಹನಿಯಲ್ಲಿ ಸೇರಿಸಿದಾಗ ಎರಡನೇ ಬಗೆಯದು ಉಳಿದೆರಡನ್ನು ಹಿಂದೆ ತಳ್ಳುತ್ತಿತ್ತು. ಆದ್ದರಿಂದ 2005ರಲ್ಲಿ ಒಂದೇ ಬಗೆಯ, 2010ರಲ್ಲಿ ಎರಡು ಬಗೆಯ ಹನಿಗಳನ್ನು ತಂದರು. ಭಾರತದ ಕೊನೆಯ ವೈಲ್ಡ್ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ನಮ್ಮ ದೇಶಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು.

ನಡುವೆ ಒಂದು ವಿಷಯವನ್ನು ನಾವು ಮುಚ್ಚಿಡಬಾರದು. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಸುಳ್ಳು ಸುದ್ದಿ ಉತ್ತರ ಪ್ರದೇಶದಲ್ಲಿ ಹಬ್ಬಿ, ಅನೇಕ ಮುಸ್ಲಿಂ ಮನೆಗಳು ಬಾಗಿಲು ಹಾಕಿಕೊಂಡವು. ಬೈದರೆ ಬಾಗಿಲು ತೆರೆಯಲಿಲ್ಲ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದವರು, ಊರಿನ ಉಲೇಮಾಗಳು ಜೊತೆಗೂಡಿ ಮನೆಮನೆಗೆ ವಿಷಯ ತಲುಪಿಸಿದ ಮೇಲೆ ತೆರೆದವು. ಪದೇ ಪದೇ ಹಾಕುವುದನ್ನು ಕಂಡೇ ಅನುಮಾನ ಬೆಳೆದಿತ್ತು. ಕಾರಣವನ್ನು ಮೊದಲೇ ಹೇಳಿದ್ದರೆ ಎಂದು ನನಗೆ ಅನಿಸುತ್ತದೆ.

ಇನ್ನು ರೋಟಾ. ಇದು ಕೂಸುಗಳಿಗೆ ತೀವ್ರ ವಾಂತಿಭೇದಿ ತರುವ ವೈರಸ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಐ321 ಎಂಬ ತಳಿಯನ್ನೂ, ದೆಹಲಿಯ ಏಮ್ಸ್‌ನಲ್ಲಿ 116ಇ ಎಂಬ ತಳಿಯನ್ನೂ ನವಜಾತ ಶಿಶುಗಳಿಂದ ಗುರುತಿಸಿದ್ದರು. ಪರೀಕ್ಷೆಯಲ್ಲಿ ಗೆದ್ದದ್ದು ದೆಹಲಿಯದು. (ನಮ್ಮ ಕರ್ನಾಟಕದ್ದು ಸೋತಿತಲ್ಲ ಎಂದು ಸ್ವಲ್ಪ ಬೇಸರವಾಯಿತು.) ಅದರಿಂದ ಹೈದರಾಬಾದಿನ ಭಾರತ್ ಬಯೋಟೆಕ್ 'ರೋಟಾವ್ಯಾಕ್' ಮಾಡಿತು. 2016ರಲ್ಲಿ ಅದು ಸರ್ಕಾರಿ ಲಸಿಕಾ ಕಾರ್ಯಕ್ರಮ ಸೇರಿತು. ಮೂರು ಡೋಸ್ ಪಡೆದ ಮಕ್ಕಳಲ್ಲಿ ಮೊದಲ ವರ್ಷ ತೀವ್ರ ರೋಟಾ ಭೇದಿ ಸುಮಾರು ಶೇ. 56ರಷ್ಟು ಕಡಿಮೆಯಾಯಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಲಸಿಕೆಯಿಲ್ಲದೆ 100 ಕೂಸುಗಳಿಗೆ ಬರಬೇಕಾದದ್ದು 44ಕ್ಕೆ ಬರುತ್ತದೆ. ಪೂರ್ತಿ ರಕ್ಷಣೆಯಲ್ಲ, ನಿಜ. ಆದರೆ ಉಳಿದ ಆ 56 ಕೂಸುಗಳ ತಾಯಂದಿರನ್ನು ಕೇಳಬೇಕು.

ಕಾಲರಾ ಹನಿಯ ಸಮಸ್ಯೆ ನಮ್ಮ ಪಠ್ಯದ್ದೇ: ಬೇಡಿಕೆ ಮತ್ತು ಪೂರೈಕೆ. ತಯಾರಕರು ಬೆರಳೆಣಿಕೆಯಷ್ಟು. ಹಲವು ದೇಶಗಳಲ್ಲಿ ಒಮ್ಮೆಗೇ ರೋಗ ಹಬ್ಬಿದಾಗ, 2022ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು ಡೋಸ್ ಬದಲು ಒಂದೇ ಕೊಡಿ ಎನ್ನಬೇಕಾಯಿತು.

ಪೋಲಿಯೊ ಹನಿಗೆ ಇನ್ನೊಂದು ದೋಷವೂ ಇದೆ. ಅದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಲಸಿಕೆ ಪಡೆಯದವರು ಹೆಚ್ಚಿರುವ ಕಡೆ ಅದು ಹರಡುತ್ತ, ಬದಲಾಗುತ್ತ, ಅಪರೂಪಕ್ಕೆ ಮತ್ತೆ ರೋಗ ತರಬಲ್ಲದು. ಅದಕ್ಕೇ 2015ರ ನವೆಂಬರ್‌ನಿಂದ ನಮ್ಮಲ್ಲಿ ಪೋಲಿಯೊ ಚುಚ್ಚುಮದ್ದನ್ನೂ ಸೇರಿಸಿದರು, 2016ರ ಏಪ್ರಿಲ್‌ನಲ್ಲಿ ಎರಡನೇ ಬಗೆಯನ್ನು ಹನಿಯಿಂದ ತೆಗೆದರು.

ನಮ್ಮ ಜಿಲ್ಲೆಯ ಬಿಸಿಲು ನಿಮಗೆ ಗೊತ್ತೇ ಇದೆ. ಲಸಿಕೆ ಕೆಟ್ಟಿದೆಯೇ ಎಂದು ತಿಳಿಯಲು ಶೀಶೆಯ ಮೇಲೊಂದು ಗುರುತಿದೆ: ವೃತ್ತದೊಳಗೆ ಚೌಕ. ಚೌಕ ತಿಳಿಯಾಗಿದ್ದರೆ ಸರಿ. ಬಿಸಿ ತಾಗಿ ವೃತ್ತದಷ್ಟೇ ಕಪ್ಪಾದರೆ ಬಳಸುವಂತಿಲ್ಲ. ಯಾರು ಬೇಕಾದರೂ ನೋಡಬಹುದು.

ಇದನ್ನೆಲ್ಲ ದಾದಿಮಾಗೆ ಉರ್ದುವಿನಲ್ಲಿ ಹೇಳಿದೆ. ಒಂದೇ ಮಳೆಗೆ ಜೋಳ ಬೆಳೆಯುತ್ತದೆಯೇ ಎಂದು ಕೇಳಿದ್ದಕ್ಕೆ ಸುಮ್ಮನಾದರು. ತಾಯಿ ಕಾರ್ಡ್ ತೋರಿಸಿದರೆ ಮಹಾರಾಷ್ಟ್ರದಲ್ಲೂ ಮೂರನೇ ಡೋಸ್ ಹಾಕುತ್ತಾರೆ, ತಡವಾದರೂ ಮೊದಲಿನಿಂದ ಶುರು ಮಾಡಬೇಕಿಲ್ಲ ಎಂದು ಆಶಾ ಕಾರ್ಯಕರ್ತೆ ತಿಳಿಸಿದರು. ಆಪಾ ಹೊರಡುವ ದಿನ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೂಸಿನ ಬಟ್ಟೆಯ ಗಂಟಿನಲ್ಲಿಟ್ಟವರು ದಾದಿಮಾನೇ. ಶೀಶೆಯ ಚೌಕ ನೋಡಿಯೇ ಹಾಕಿಸು ಎಂದೂ ಹೇಳಿ ಕಳಿಸಿದರು.