ಮರಣ ನೋಂದಣಿಯಿಂದ ಪೌತಿ ಖಾತೆಯವರೆಗೆ: ಸದಸ್ಯರು ತಿಳಿದಿರಬೇಕಾದ ಕ್ರಮ



ವಾರ್ಡಿನ ಮನೆಯೊಂದರಲ್ಲಿ ಸಾವು ಸಂಭವಿಸಿದಾಗ ಸಾಂತ್ವನ ಹೇಳಲು ಮೊದಲು ಹೋಗುವವರಲ್ಲಿ ತಾವೂ ಒಬ್ಬರು. ದುಃಖದಲ್ಲಿರುವ ಕುಟುಂಬಕ್ಕೆ ದಾಖಲೆಗಳ ನೆನಪಿರುವುದಿಲ್ಲ. ಆದರೆ ಕಾನೂನಿನ ಅವಧಿ ಅವರಿಗಾಗಿ ಕಾಯುವುದಿಲ್ಲ. ಆದುದರಿಂದ ಈ ಕೆಳಗಿನ ಕ್ರಮವನ್ನು ತಾವು ಅರಿತಿರುವುದು ಅವಶ್ಯ.

1. ಮರಣ ನೋಂದಣಿ: ಜನನ ಮತ್ತು ಮರಣ ನೋಂದಣಿ ಕಾಯ್ದೆ, 1969 ಹಾಗೂ ಅದರ ನಿಯಮಗಳನ್ವಯ 21 ದಿನಗಳೊಳಗೆ ಮಾಹಿತಿ ನೀಡತಕ್ಕದ್ದು. ಮನೆಯಲ್ಲಿ ಸಂಭವಿಸಿದ ಮರಣಕ್ಕೆ ಈ ಹೊಣೆ ಕುಟುಂಬದ ಯಜಮಾನರದು. ಹನ್ನೊಂದನೆಯ ದಿನದ ಕಾರ್ಯ ಮುಗಿಯುವಷ್ಟರಲ್ಲಿಯೇ ಅರ್ಧ ಅವಧಿ ಕಳೆದಿರುತ್ತದೆ. 30 ದಿನ ಮೀರಿದರೆ ಜಿಲ್ಲಾ ನೋಂದಣಾಧಿಕಾರಿ ಅಥವಾ ಅಧಿಕೃತ ಪ್ರಾಧಿಕಾರಿಯ ಲಿಖಿತ ಅನುಮತಿ, ಒಂದು ವರ್ಷ ಮೀರಿದರೆ ದಂಡಾಧಿಕಾರಿಯ ಆದೇಶ ಅಗತ್ಯ. ನೋಂದಣಿಯಲ್ಲಿ ಬರೆಸುವ ಹೆಸರು ಆಧಾರ್, ಪಹಣಿ ಹಾಗೂ ಪಾಸ್‌ಬುಕ್ಕಿನ ಹೆಸರಿಗೆ ಹೊಂದುವುದೇ ಎಂಬುದನ್ನು ಆಗಲೇ ಪರಿಶೀಲಿಸಬೇಕು.

2. ಬ್ಯಾಂಕ್ ಖಾತೆ ಮತ್ತು ವಿಮೆ: ಮೃತರ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತಾಗಿರಬಹುದು, 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆಯದಾಗಿರಬಹುದು. ಮೊದಲನೆಯದರಲ್ಲಿ ಯಾವುದೇ ಕಾರಣದ ಮರಣಕ್ಕೆ, ಎರಡನೆಯದರಲ್ಲಿ ಅಪಘಾತ ಮರಣಕ್ಕೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಕುಟುಂಬದವರಿಗೆ ಈ ವಿಮೆಯ ಅರಿವೇ ಇಲ್ಲದಿದ್ದರೆ ಹಣವನ್ನು ಕೇಳುವವರೇ ಇರುವುದಿಲ್ಲ. ಠೇವಣಿಯ ನಾಮಿನಿಯು ಹಣವನ್ನು ಪಡೆಯಲು ಅರ್ಹರೇ ಹೊರತು, ನಾಮನಿರ್ದೇಶನ ಮಾತ್ರದಿಂದ ಮಾಲೀಕರಾಗುವುದಿಲ್ಲ. ವಾರಸುದಾರರ ಹಕ್ಕು ಉಳಿದೇ ಇರುತ್ತದೆ.

3. ವಂಶವೃಕ್ಷ ಮತ್ತು ಪೌತಿ ಖಾತೆ: ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 128ನೇ ಪ್ರಕರಣದಂತೆ ವಾರಸಿನಿಂದ ಬಂದ ಜಮೀನಿನ ಹಕ್ಕನ್ನು ಮೂರು ತಿಂಗಳೊಳಗೆ ವರದಿ ಮಾಡಬೇಕು. ಪಹಣಿಯಲ್ಲಿ ತಾತನ ಹೆಸರೇ ಉಳಿದರೆ ಮೊಮ್ಮಕ್ಕಳಿಗೆ ಬೆಳೆ ಸಾಲವೂ ಪರಿಹಾರವೂ ದೊರೆಯುವುದು ಕಷ್ಟ. ಹಿಂದೂ ಉತ್ತರಾಧಿಕಾರ ಕಾಯ್ದೆಯನ್ವಯ ಉಯಿಲು ಬರೆಯದೆ ಮೃತನಾದ ಪುರುಷನ ಸ್ವತ್ತಿನಲ್ಲಿ ಗಂಡುಮಕ್ಕಳಂತೆಯೇ ಪತ್ನಿ, ತಾಯಿ ಹಾಗೂ ಮದುವೆಯಾದ ಹೆಣ್ಣುಮಕ್ಕಳೂ ವಾರಸುದಾರರು. ವಂಶವೃಕ್ಷದಲ್ಲಿ ಈ ಹೆಸರುಗಳನ್ನು ಕೈಬಿಡುವುದು ಕಾನೂನುಬಾಹಿರ. ಮುಂದೆ ನ್ಯಾಯಾಲಯದ ವ್ಯಾಜ್ಯಕ್ಕೆ ಅದೇ ಮೂಲ. ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕುವ ಮುನ್ನ "ಹೆಣ್ಣುಮಕ್ಕಳೆಷ್ಟು? ತಾಯಿ ಇದ್ದಾರೆಯೇ?" ಎಂದು ತಾವು ಕೇಳಲೇಬೇಕು. ಸಹೋದರಿಯು ಪಾಲು ಬೇಡವೆಂದರೂ ಬಾಯಿಮಾತು ಸಾಲದು. ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು.

4. ಮನೆಯ ಖಾತೆ: ಗ್ರಾಮಠಾಣಾ ಸ್ವತ್ತಿನ ಹಕ್ಕು ಬದಲಾವಣೆಗೆ ಮರಣ ಪ್ರಮಾಣ ಪತ್ರ ಮತ್ತು ವಂಶವೃಕ್ಷದೊಂದಿಗೆ ಪಂಚಾಯಿತಿ ಕಚೇರಿಗೆ ಅರ್ಜಿ ಸಲ್ಲಿಸಲು ತಿಳಿಸುವುದು.

ಪ್ರತಿ ತಿಂಗಳು ತಮ್ಮ ವಾರ್ಡಿನಲ್ಲಿ ಸಂಭವಿಸಿದ ಮರಣಗಳ ಪಟ್ಟಿ ಮಾಡಿ, ನೋಂದಣಿಯಾಗಿದೆಯೇ ಎಂದು ಕಚೇರಿಯ ದಾಖಲೆಯೊಂದಿಗೆ ತಾಳೆ ನೋಡಲು ಕೋರಿದೆ. ಸಕಾಲದಲ್ಲಿ ತಾವು ಹೇಳುವ ಒಂದು ಮಾತು ವಿಧವೆಯೊಬ್ಬರ ಜೀವನಾಧಾರವನ್ನು ಉಳಿಸಬಲ್ಲದು.